ಆರರಿಂದ ಹತ್ತರವರೆಗೆ

2021ರ ಮೇ ತಿಂಗಳು, ಕೊರೊನಾ ಎರಡನೇ ಅಲೆಯ ಲಾಕ್‌ಡೌನ್. ದಿನಸಿ ಅಂಗಡಿಗಳಿಗೆ ಬೆಳಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅವಕಾಶವಿದ್ದ ಆ ದಿನಗಳಲ್ಲಿ ಬೆಂಗಳೂರಿನ ಯಾವ ಬಡಾವಣೆಗೆ ಹೋಗಿದ್ದರೂ ಇದೇ ಕಥೆ. ಬೆಳಗ್ಗೆ ಆರೂವರೆಗೆ ದಿನಸಿ ಅಂಗಡಿಯ ಶಟರ್ ಎದ್ದಾಗ ಮುಂದೆ ಇಬ್ಬರೋ ಮೂವರೋ ಇರುತ್ತಿದ್ದರು. ಏಳೂವರೆಯಾದರೂ ಹೆಚ್ಚುಕಡಿಮೆ ಅಷ್ಟೇ. ಎಂಟೂವರೆ ದಾಟಿತೋ ಇಲ್ಲವೋ, ಇಡೀ ಬೀದಿಗೆ ಒಟ್ಟಿಗೇ ಎಚ್ಚರವಾದ ಹಾಗೆ ಜನ. ಒಂಬತ್ತೂವರೆಗೆ ಜಾತ್ರೆ. ಆಮೇಲೆ ಪೊಲೀಸರ ಹೊಯ್ಸಳ ಗಾಡಿ ಬಂದು ಮೈಕಿನಲ್ಲಿ ಕೂಗುವುದು, ಅಂಗಡಿಯವರು ಅರ್ಧ ಶಟರ್ ಎಳೆದು ಕೆಳಗಿನಿಂದ ಸಕ್ಕರೆ ಪೊಟ್ಟಣ ದಾಟಿಸುವುದು. ಜನ ಸೇರಬಾರದು ಅಂತ ಹಾಕಿದ್ದ ಗಡುವು. ಅದೇ ಗಡುವು ದಿನದಲ್ಲಿ ಒಂದೂವರೆ ಗಂಟೆ ಹೊತ್ತು ಎಲ್ಲರನ್ನೂ ಒಂದೇ ಕಡೆ ಕೂಡಿಹಾಕುತ್ತಿತ್ತು. ಇದು ಆಗಲೂ ಕೊರೆಯುತ್ತಿತ್ತು, ಈಗಲೂ ಕೊರೆಯುತ್ತದೆ.

ಸ್ವಲ್ಪ ಲೆಕ್ಕ ಹಾಕಿ ನೋಡಿ. ಒಬ್ಬ ಗಿರಾಕಿಗೆ ಸಾಮಾನು ತೂಗಿ, ಕಟ್ಟಿ, ಕೂಡಿ, ದುಡ್ಡು ತಗೊಳ್ಳಲು ನಾಲ್ಕು ನಿಮಿಷ ಅಂತ ಇಟ್ಟುಕೊಳ್ಳೋಣ. ಗಂಟೆಗೆ 15 ಜನ, ನಾಲ್ಕು ಗಂಟೆಗೆ 60 ಜನ. ಈ ಅರವತ್ತು ಜನ ಬಿಡಿಬಿಡಿಯಾಗಿ ಬಂದರೆ ಅಂಗಡಿ ಮುಂದೆ ಯಾವ ಹೊತ್ತಿನಲ್ಲೂ ಒಬ್ಬಿಬ್ಬರಿಗಿಂತ ಹೆಚ್ಚು ಇರುವುದಿಲ್ಲ. ಅವರಲ್ಲಿ 40 ಜನ ಎಂಟೂವರೆ ಮೇಲೆಯೇ ಬಂದರೆ, ಉಳಿದ ತೊಂಬತ್ತು ನಿಮಿಷದಲ್ಲಿ ಸಾಮಾನು ಸಿಗುವುದು 22 ಜನಕ್ಕೆ. ಮಿಕ್ಕ 18 ಮಂದಿ ಗುಂಪಾಗಿ ಗದ್ದಲ ಮಾಡುತ್ತಾರೆ, ಅಥವಾ ಬರಿಗೈಯಲ್ಲಿ ಹೋಗಿ ಮಾರನೇ ದಿನದ ಸಾಲು ಬೆಳೆಸುತ್ತಾರೆ. ಅದೇ ನಾಲ್ಕು ನಿಮಿಷವನ್ನು ಎರಡಕ್ಕೆ ಇಳಿಸಿದರೆ, ಕೊನೆ ಗಳಿಗೆಯಲ್ಲಿ ಬಂದ ನಲವತ್ತೂ ಜನಕ್ಕೆ ಸಾಮಾನು ಸಿಕ್ಕಿ ಇನ್ನೂ ಹತ್ತು ನಿಮಿಷ ಉಳಿಯುತ್ತದೆ. ಹಾಗಾಗಿ ಆ ದಿನಗಳ ಓಡಾಟದಲ್ಲಿ ಕೆಲಸಕ್ಕೆ ಬಂದದ್ದು ಮನೆ ಬಿಟ್ಟ ಹೊತ್ತು ಮತ್ತು ಕೌಂಟರ್ ಮುಂದೆ ಕಳೆದ ನಿಮಿಷಗಳು. ಕಣ್ಣಿಗೆ ಕಾಣುವ ಉಪಚಾರಗಳಿಗೆ, ಅಂದರೆ ಪ್ಯಾಕೆಟ್ ತೊಳೆಯುವುದು, ಚಪ್ಪಲಿಗೆ ಔಷಧಿ ಹೊಡೆಯುವುದು ಇತ್ಯಾದಿಗಳಿಗೆ, ಇದರ ಕಾಲುಭಾಗ ಬೆಲೆಯೂ ಇರಲಿಲ್ಲ ಅಂತ ನನ್ನ ಅಂದಾಜು.

ಒಂದು ವಿಷಯ ಮಾತ್ರ ತುಂಬಾ ಜನಕ್ಕೆ ಗೊತ್ತೇ ಇರಲಿಲ್ಲ. ಆ ಹತ್ತು ಗಂಟೆ ಎಲ್ಲಕ್ಕೂ ಅನ್ವಯಿಸುತ್ತಿರಲಿಲ್ಲ. ಮೆಡಿಕಲ್ ಸ್ಟೋರಿಗೆ ಗಡುವಿರಲಿಲ್ಲ, ತಳ್ಳುಗಾಡಿಯವರಿಗೂ ಹಾಪ್‌ಕಾಮ್ಸ್‌ಗೂ ಸಂಜೆಯವರೆಗೆ ಅವಕಾಶವಿತ್ತು. ಅಂದರೆ ಬೆಳಗಿನ ಹೊತ್ತನ್ನು ದಿನಸಿಗೆ ಮಾತ್ರ ಮೀಸಲಿಟ್ಟು, ತರಕಾರಿಯನ್ನು ಮಧ್ಯಾಹ್ನ ಬರುವ ಗಾಡಿಯಿಂದ ತಗೊಂಡು, ಮಾತ್ರೆಯನ್ನು ಮಧ್ಯಾಹ್ನ ಮೂರರ ಖಾಲಿ ಹೊತ್ತಿನಲ್ಲಿ ತಂದರೆ ಮೂರು ಸಾಲಿನ ಬದಲು ಒಂದೇ ಸಾಲು. ಆದರೆ ‘ಹತ್ತರ ಮೇಲೆ ಏನೂ ಇಲ್ಲ’ ಅನ್ನುವುದು ಎಲ್ಲರ ತಲೆಯಲ್ಲಿ ಕೂತುಬಿಟ್ಟಿತ್ತು. ಜೂನ್ 14ರಿಂದ ಅವಧಿಯನ್ನು ಮಧ್ಯಾಹ್ನ ಎರಡರವರೆಗೆ ಬಿಟ್ಟರು. ಮೊದಲೇ ಬಿಡಬೇಕಿತ್ತು.

ಬಾಕ್ಸಿನೊಳಗಿನ ಚೀಲಗಳು

ಮೊದಲ ಲಾಕ್‌ಡೌನಿನಲ್ಲಿ, 2020ರ ಏಪ್ರಿಲ್‌ನಲ್ಲಿ, ನ್ಯಾಯಬೆಲೆ ಅಂಗಡಿಗಳ ಮುಂದೆ ಕಂಡ ದೃಶ್ಯ ಮರೆಯುವಂಥದ್ದಲ್ಲ. ಕೇಂದ್ರ ಸರ್ಕಾರ ತಲೆಗೆ ಐದು ಕೆಜಿ ಹೆಚ್ಚುವರಿ ಪಡಿತರ ಘೋಷಿಸಿದ್ದ ಸಮಯ. ಅಂಗಡಿ ಮುಂದೆ ಸುಣ್ಣದ ಪುಡಿಯಲ್ಲಿ ಮಾರು ಮಾರಿಗೊಂದು ಬಾಕ್ಸ್ ಬರೆದಿದ್ದರು. ಪ್ರತಿ ಬಾಕ್ಸಿನಲ್ಲೂ ಒಂದೊಂದು ಗೋಣಿಚೀಲ, ಪ್ಲಾಸ್ಟಿಕ್ ಕೊಡ, ಒಂದು ಕಡೆ ಒಂಟಿ ಹವಾಯಿ ಚಪ್ಪಲಿ, ಅದರ ಮೇಲೆ ಗಾಳಿಗೆ ಹಾರದಂತೆ ಕಲ್ಲು ಇಟ್ಟ ರೇಷನ್ ಕಾರ್ಡ್. ಎಲ್ಲವೂ ಆರಡಿ ಅಂತರ ಬಿಟ್ಟು ಶಿಸ್ತಾಗಿ ಸಾಲಿನಲ್ಲಿದ್ದವು. ಅವುಗಳ ಯಜಮಾನರು ಪಕ್ಕದ ಹೊಂಗೆ ಮರದ ನೆರಳಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತು, ಕರ್ಚೀಫು ಗಲ್ಲಕ್ಕಿಳಿಸಿ ಹರಟುತ್ತಿದ್ದರು.

ನಗು ಬರುವುದು ಸಹಜ. ಆದರೆ ತಪ್ಪು ಜನರದ್ದು ಅಂತ ತೀರ್ಪು ಕೊಡುವ ಮೊದಲು ಏಪ್ರಿಲ್ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಾಕ್ಸ್ ಬರೆದವರು ಅಂತರ ಅಳೆದರು, ನೆರಳು ಎಲ್ಲಿ ಬೀಳುತ್ತದೆ ಅಂತ ನೋಡಲಿಲ್ಲ. ಒಂದೂವರೆ ಗಂಟೆ ಬಿಸಿಲಲ್ಲಿ ನಿಲ್ಲಿ ಅಂದರೆ ಯಾರು ನಿಲ್ಲುತ್ತಾರೆ? ಕಾರ್ಡಿನ ಕೊನೆ ಅಂಕಿ ನೋಡಿ ದಿನ ಹಂಚಿ, ಬೀದಿಗೊಂದು ಹೊತ್ತು ಬರೆದ ಟೋಕನ್ ಕೊಟ್ಟ ಕಡೆ ಬಾಕ್ಸೇ ಬೇಕಾಗಲಿಲ್ಲ. ಟೋಕನ್ ಪದ್ಧತಿ ಕೆಡುವುದು ಒಂದೇ ಕಡೆ: ಚೀಟಿಯಲ್ಲಿ ನಂಬರ್ ಮಾತ್ರ ಬರೆದು ಹೊತ್ತು ಬರೆಯದಿದ್ದರೆ. ನಂಬರ್ 74 ಇದ್ದವನೂ ‘ಬೇಗ ಕರೆದುಬಿಟ್ಟರೆ’ ಅಂತ ಏಳು ಗಂಟೆಗೇ ಬಂದು ಕೂರುತ್ತಾನೆ.

ಮಾತಾಡುವಾಗಲೇ ಮಾಸ್ಕ್ ಇಳಿಯುವುದು

ಎರಡನೇ ಅಲೆಯ ಹೊತ್ತಿಗೆ ಮೆಡಿಕಲ್ ಸ್ಟೋರುಗಳ ಕೌಂಟರಿಗೆ ಹಗ್ಗ ಕಟ್ಟಿ, ಮೇಲಿನಿಂದ ದಪ್ಪ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟಿದ್ದರು. ಹಾಳೆಯ ಆಚೆ ಫ್ಯಾನ್, ಈಚೆ ಬಸ್ಸಿನ ಸದ್ದು. ವಯಸ್ಸಾದ ಒಬ್ಬರು ಬಂದು ಬಿಪಿ ಮಾತ್ರೆ ಕೇಳುತ್ತಾರೆ. ಒಳಗಿನ ಹುಡುಗನಿಗೆ ಕೇಳಿಸುವುದಿಲ್ಲ. ಅವರು ಮಾಸ್ಕ್ ಇಳಿಸಿ, ಬಗ್ಗಿ, ದುಡ್ಡು ಕೊಡಲು ಬಿಟ್ಟ ಕಿಂಡಿಗೇ ಬಾಯಿಟ್ಟು ಜೋರಾಗಿ ಹೇಳುತ್ತಾರೆ.

“ತಾತ, ಹೆಸರೇನು ಮಾತ್ರೇದು?”

“ಬಿಳೀದು ಕಣಪ್ಪಾ, ಚಿಕ್ಕದು. ಬೆಳಗ್ಗೆ ಒಂದು ತಗೋತೀನಲ್ಲ.”

“ಎಲ್ಲಾ ಬಿಳೀದೇ ತಾತ. ಹಳೇ ಶೀಟ್ ತಂದಿದ್ದೀರಾ?”

ಇಡೀ ಮುಂಜಾನೆ ಮಾಸ್ಕ್ ಹಾಕಿಕೊಂಡೇ ಓಡಾಡಿ, ಇನ್ನೊಬ್ಬರ ಮುಖಕ್ಕೆ ಅತಿ ಹತ್ತಿರ ಹೋದ ಆ ಅರ್ಧ ನಿಮಿಷದಲ್ಲಿ ಮಾತ್ರ ಅದನ್ನು ತೆಗೆಯುವುದು. ಪ್ಲಾಸ್ಟಿಕ್ ಹಾಳೆ ಎಂಜಲ ಹನಿಗೆ ಅಡ್ಡ ಬಂದರೂ ಗಾಳಿಯಲ್ಲಿ ತೇಲುವ ಸಣ್ಣ ಕಣಗಳಿಗೆ ಅಲ್ಲ. ಮೇಲಾಗಿ ಒಳಗಿನ ಗಾಳಿ ಹೊರಗೆ ಹೋಗದಂತೆ ತಡೆಯುತ್ತದೆ. ಇದಕ್ಕೆಲ್ಲ ಒಂದು ಚೀಟಿ ಸಾಕಿತ್ತು. ಹಳೇ ಶೀಟನ್ನೇ ತರುವವರು ಒಂದು ಸೂಕ್ಷ್ಮ ಗಮನಿಸಬೇಕು: ಮಾತ್ರೆಯ ಹೆಸರು ಹಾಳೆಯ ಉದ್ದಕ್ಕೂ ಇರಬಹುದು, ಆದರೆ ಬ್ಯಾಚ್ ನಂಬರ್ ಮತ್ತು ಅವಧಿ ಮುಗಿಯುವ ದಿನಾಂಕ ಸಾಮಾನ್ಯವಾಗಿ ಒಂದೇ ತುದಿಯಲ್ಲಿರುತ್ತದೆ. ಮಾತ್ರೆ ಬಿಡಿಸುವಾಗ ಆ ತುದಿಯನ್ನು ಕೊನೆಗೆ ಉಳಿಸಿಕೊಳ್ಳಬೇಕು. ಚೀಟಿ ಬರೆಯುವುದಾದರೆ ಹೆಸರು, ಅದರ ಪಕ್ಕ ಎಂಜಿ, ಅದರ ಪಕ್ಕ ಎಸ್‌ಆರ್, ಎಕ್ಸ್ಆರ್, ಎಚ್ ಅಂತ ಏನಾದರೂ ಬಾಲವಿದ್ದರೆ ಅದನ್ನೂ ಬರೆಯಬೇಕು. ಬಾಲ ಬಿಟ್ಟು ಹೋದರೆ ಎಡವಟ್ಟು. ಮೆಟ್‌ಫಾರ್ಮಿನ್ 500 ಬೇರೆ, ಮೆಟ್‌ಫಾರ್ಮಿನ್ 500 ಎಸ್‌ಆರ್ ಬೇರೆ. ಎರಡನೆಯದು ಹೊಟ್ಟೆಯಲ್ಲಿ ನಿಧಾನಕ್ಕೆ ಬಿಟ್ಟುಕೊಳ್ಳುವಂತೆ ಮಾಡಿದ ಮಾತ್ರೆ, ಅದನ್ನು ಪುಡಿ ಮಾಡಿ ನುಂಗುವ ಹಾಗಿಲ್ಲ. ಟೆಲ್ಮಿಸಾರ್ಟನ್ 40ರ ಪಕ್ಕ ಎಚ್ ಇದ್ದರೆ ಅದರೊಳಗೆ ಮೂತ್ರ ಹೆಚ್ಚಿಸುವ ಇನ್ನೊಂದು ಔಷಧಿಯೂ ಸೇರಿರುತ್ತದೆ. ಬ್ರ್ಯಾಂಡ್ ಸಿಗದೆ ಬೇರೆ ಕಂಪನಿಯದು ಕೊಟ್ಟರೆ ಹೊಂದಿಸಿ ನೋಡಬೇಕಾದ್ದು ಶೀಟಿನ ಬಣ್ಣ ಅಲ್ಲ, ಸಣ್ಣ ಅಕ್ಷರದಲ್ಲಿರುವ ಈ ಸಾಲು.

ದಿನಸಿ ಚೀಟಿಗೂ ಒಂದು ಕ್ರಮವಿದೆ. ಮನೆಯಲ್ಲಿ ನೆನಪಾದ ಹಾಗೆ ಬರೆದ ಚೀಟಿ ಹಿಡಿದರೆ ಅಂಗಡಿ ಹುಡುಗ ನಾಲ್ಕು ಸಲ ಒಳಗೆ ಹೊರಗೆ ಓಡಾಡುತ್ತಾನೆ. ತೂಗಬೇಕಾದ್ದು (ಬೇಳೆ, ರವೆ, ಸಕ್ಕರೆ, ಬ್ಯಾಡಗಿ ಮೆಣಸಿನಕಾಯಿ) ಮೇಲೆ, ಪ್ಯಾಕೆಟ್ಟಿನಲ್ಲಿ ಬರುವುದು ಕೆಳಗೆ ಬರೆದರೆ ಒಬ್ಬ ತೂಗುವಾಗ ಇನ್ನೊಬ್ಬ ಪ್ಯಾಕೆಟ್ ತೆಗೆದಿಡಬಹುದು. ಪ್ರತಿ ಸಾಲಿನಲ್ಲೂ ಅಳತೆ ಇರಬೇಕು. ‘ರವೆ’ ಅಂತ ಬರೆದರೆ ಬಾಂಬೆ ರವೆಯಾ ಚಿರೋಟಿಯಾ ಅಂತ ಕೇಳಲೇಬೇಕಾಗುತ್ತದೆ, ಅಲ್ಲಿಗೆ ಮತ್ತೆ ಮಾಸ್ಕ್ ಕೆಳಗೆ. ‘ಇಲ್ಲದಿದ್ದರೆ ಬೇರೆ ಕಂಪನಿಯದಾಗಲಿ’ ಅಥವಾ ‘ಇಲ್ಲದಿದ್ದರೆ ಬೇಡ’ ಅನ್ನುವುದನ್ನೂ ಅಲ್ಲೇ ಬರೆದುಬಿಟ್ಟರೆ ಮುಗಿಯಿತು. ಹಿಂದಿನ ರಾತ್ರಿಯೇ ಇಂಥ ಚೀಟಿಯ ಫೋಟೊ ವಾಟ್ಸಾಪಿನಲ್ಲಿ ಕಳಿಸಿ, ಬೆಳಗ್ಗೆ ಕಟ್ಟಿಟ್ಟ ಚೀಲ ಎತ್ತಿಕೊಂಡು ಬಂದವರೇ ಆ ನಾಲ್ಕು ನಿಮಿಷವನ್ನು ಎರಡಕ್ಕಲ್ಲ, ಅರ್ಧ ನಿಮಿಷಕ್ಕೆ ಇಳಿಸಿದ್ದು.

ಮಾಸ್ಕಿನ ಬಗ್ಗೆಯೂ ಎರಡು ಮಾತು. ಮೂಗಿನ ಮೇಲಿನ ತಂತಿಯನ್ನು ಒಂದೇ ಕೈಯಲ್ಲಿ ಚಿವುಟಿದರೆ ಅದು ಗೋಪುರದ ಹಾಗೆ ಚೂಪಾಗಿ ಎದ್ದು ಎರಡೂ ಬದಿ ಸಂದು ಬಿಡುತ್ತದೆ. ಎರಡೂ ಕೈಯ ಎರಡೆರಡು ಬೆರಳಿಂದ ನಡುವಿನಿಂದ ಕೆನ್ನೆಯ ಕಡೆಗೆ ಒತ್ತುತ್ತಾ ಹೋಗಬೇಕು. ಕನ್ನಡಕ ಮಂಜಾದರೆ ಉಸಿರು ಮೇಲಿನಿಂದ ಸೋರುತ್ತಿದೆ ಅಂತಲೇ ಅರ್ಥ. ಸರ್ಜಿಕಲ್ ಮಾಸ್ಕಿನ ಪಕ್ಕೆ ಬಾಯಿ ಬಿಡುತ್ತಿದ್ದರೆ ಕಿವಿಯ ದಾರಕ್ಕೆ ಮಾಸ್ಕಿನ ಅಂಚಿಗೆ ಹೊಂದಿಕೊಂಡಂತೆ ಒಂದು ಗಂಟು ಹಾಕಿ, ಮಿಕ್ಕ ಅಂಚನ್ನು ಒಳಕ್ಕೆ ಮಡಚಬೇಕು. ಎರಡು ಮಾಸ್ಕ್ ಅಂದರೆ ಒಳಗೆ ಸರ್ಜಿಕಲ್, ಮೇಲೆ ಬಟ್ಟೆಯದು. ಬಟ್ಟೆ ಒಳಗಿನದನ್ನು ಮುಖಕ್ಕೆ ಒತ್ತಿ ಹಿಡಿಯಲಿ ಅಂತ. ಕವಾಟವಿರುವ ಎನ್95 ಬೇಡ ಅಂತ ಕೇಂದ್ರ ಆರೋಗ್ಯ ಇಲಾಖೆ 2020ರ ಜುಲೈನಲ್ಲೇ ಹೇಳಿತ್ತು. ಒಳಗೆ ಬರುವ ಗಾಳಿಯನ್ನು ಅದು ಸೋಸುತ್ತದೆ, ಹೊರಗೆ ಬಿಡುವ ಗಾಳಿಯನ್ನು ಸೋಸದೆ ಬಿಡುತ್ತದೆ.

ಹಾಲಿನ ಪ್ಯಾಕೆಟ್ಟಿಗೆ ಸೋಪು

2020ರ ಮಾರ್ಚಿನಲ್ಲಿ ಒಂದು ಪ್ರಯೋಗದ ವರದಿ ಬಂತು. ವೈರಾಣು ರಟ್ಟಿನ ಮೇಲೆ 24 ಗಂಟೆ, ಪ್ಲಾಸ್ಟಿಕ್ ಮತ್ತು ಸ್ಟೀಲಿನ ಮೇಲೆ 72 ಗಂಟೆಯವರೆಗೂ ಬದುಕಿರಬಲ್ಲದು ಅಂತ. ಅದೇ ವರದಿಯಲ್ಲಿ, ಗಾಳಿಯಲ್ಲಿ ತೇಲುವ ಸಣ್ಣ ಕಣಗಳಲ್ಲೂ ಪ್ರಯೋಗ ನಡೆದ ಮೂರು ಗಂಟೆಯುದ್ದಕ್ಕೂ ಜೀವಂತವಾಗಿತ್ತು ಅನ್ನುವ ಮಾತೂ ಇತ್ತು. ನಮ್ಮ ಕಿವಿಗೆ ಬಿದ್ದದ್ದು 72 ಗಂಟೆ ಮಾತ್ರ. ಅಲ್ಲಿಂದ ಶುರುವಾಯಿತು ನೀಲಿ ನಂದಿನಿ ಪ್ಯಾಕೆಟ್ಟಿಗೆ ಸೋಪಿನ ಸ್ನಾನ, ನೋಟಿಗೆ ಇಸ್ತ್ರಿ, ದಿನಪತ್ರಿಕೆಗೆ ಬಹಿಷ್ಕಾರ. ಟೊಮೇಟೊವನ್ನು ಪಾತ್ರೆ ತೊಳೆಯುವ ಲಿಕ್ವಿಡ್ಡಿನಲ್ಲಿ ಅದ್ದಿದವರೂ ಇದ್ದರು. ಸೊಪ್ಪಿನ ಎಲೆ, ಹೂಕೋಸಿನ ಸಂದಿನಲ್ಲಿ ಸೋಪು ಉಳಿದರೆ ಕೆಡುವುದು ಹೊಟ್ಟೆಯೇ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಸಾಕು. ವೈರಾಣು ಅಂಟಿದ ವಸ್ತುವನ್ನು ಒಮ್ಮೆ ಮುಟ್ಟಿದರೆ ಸೋಂಕು ತಗಲುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳಿದ್ದು 2021ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ನಮ್ಮಲ್ಲಿ ಎರಡನೇ ಅಲೆ ಎದ್ದಾಗಿತ್ತು. ಕಿಟಕಿ ಮುಚ್ಚಿ ಎ.ಸಿ. ಹಾಕಿದ ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ ಸ್ಯಾನಿಟೈಸರ್ ಹಿಂಡುವವನೊಬ್ಬನನ್ನು ನಿಲ್ಲಿಸಿ ನಿಶ್ಚಿಂತೆಯಾಗಿದ್ದೆವು.

ಕೈ ತೊಳೆಯುವುದು ವ್ಯರ್ಥ ಅಂತಲ್ಲ. ಸ್ಯಾನಿಟೈಸರಿನಲ್ಲಿ ಆಲ್ಕೋಹಾಲ್ ಕನಿಷ್ಠ ಶೇ 60 ಇರಬೇಕು, ಕೈ 20 ಸೆಕೆಂಡಾದರೂ ಒದ್ದೆಯಾಗಿರಬೇಕು. ಒಂದೇ ಹನಿ ಹಾಕಿ ಪ್ಯಾಂಟಿಗೆ ಒರೆಸಿಕೊಂಡರೆ ಏನೂ ಆಗುವುದಿಲ್ಲ. ಆಲೂಗಡ್ಡೆ ಆರಿಸಿದ ಮಣ್ಣುಗೈಗೆ, ಎಣ್ಣೆ ಕೈಗೆ ಅದು ಹತ್ತುವುದಿಲ್ಲ, ಸೋಪು ನೀರೇ ಬೇಕು. ಹಚ್ಚಿಕೊಂಡು ಪೂರ್ತಿ ಆರುವ ಮೊದಲು ಒಲೆ ಹಚ್ಚುವುದಂತೂ ಕೂಡದು.

ಇನ್ನು ಅಂಗಡಿ ಬಾಗಿಲಿನ ಜ್ವರ ನೋಡುವ ಗನ್. ಹಣೆಯಿಂದ ಮೂರು ನಾಲ್ಕು ಸೆಂಟಿಮೀಟರ್ ದೂರದಲ್ಲಿ ಹಿಡಿಯಬೇಕಾದ್ದನ್ನು ಮಾರು ದೂರದಿಂದ ಮುಂಗೈಗೆ ತೋರಿಸುತ್ತಿದ್ದರು. ಬೆವರಿದ ಚರ್ಮ ಕಡಿಮೆ ತೋರಿಸುತ್ತದೆ, ಬಿಸಿಲಿನಿಂದ ಬಂದ ಹಣೆ ಹೆಚ್ಚು ತೋರಿಸುತ್ತದೆ. 92 ಡಿಗ್ರಿ ಅಂತ ಬಂದವರನ್ನೂ ‘ಹೋಗಿ ಸಾರ್’ ಅಂತ ಒಳಗೆ ಬಿಡುತ್ತಿದ್ದರು. ಆ ಲೆಕ್ಕದಲ್ಲಿ ಅವರು ಆಸ್ಪತ್ರೆಯಲ್ಲಿರಬೇಕಿತ್ತು.

ತಂದದ್ದನ್ನು ಉಳಿಸಿಕೊಳ್ಳುವುದು

ಓಡಾಟ ಕಡಿಮೆ ಮಾಡಬೇಕೆಂದರೆ ಒಮ್ಮೆಗೆ ಹೆಚ್ಚು ತರಬೇಕು. ಹೆಚ್ಚು ತಂದರೆ ಹುಳು. ನಾಲ್ಕು ಜನರ ಮನೆಯಲ್ಲಿ ದಿನಾ ಸಾರು ಹುಳಿ ಅಂದರೂ ತೊಗರಿಬೇಳೆ ದಿನಕ್ಕೆ 150 ಗ್ರಾಂ, ಹದಿನೈದು ದಿನಕ್ಕೆ ಎರಡೂಕಾಲು ಕೆಜಿ. ಗಾಬರಿಯಲ್ಲಿ ಹತ್ತು ಕೆಜಿ ತಂದವರ ಮನೆಯಲ್ಲಿ ಮಳೆಗಾಲ ಹಿಡಿಯುವ ಹೊತ್ತಿಗೆ ಬೇಳೆ ಬೂಸ್ಟು ಹಿಡಿದೋ ಹುಳು ಬಿದ್ದೋ ಹೋಯಿತು. ಕೆಜಿಗೆ ಒಂದು ಟೀ ಚಮಚ ಹರಳೆಣ್ಣೆ ಸವರಿಟ್ಟರೆ ಬೇಳೆಗೆ ಹುಳು ಬರುವುದಿಲ್ಲ, ಅಡುಗೆಗೆ ಮೊದಲು ಬಿಸಿನೀರಿನಲ್ಲಿ ತೊಳೆದರಾಯಿತು. ರವೆಯನ್ನು ಬಣ್ಣ ತಿರುಗದಂತೆ ಬೆಚ್ಚಗೆ ಹುರಿದು ಡಬ್ಬಿಗೆ ತುಂಬುವುದು ಎಲ್ಲರಿಗೂ ಗೊತ್ತಿರುವುದೇ. ಕೆಡಿಸಿಕೊಳ್ಳುವುದು ಬಿಸಿ ಇರುವಾಗಲೇ ಮುಚ್ಚಳ ಹಾಕಿ. ಒಳಗೆ ಹಬೆ ಕಟ್ಟಿ, ಮುಚ್ಚಳದಿಂದ ನೀರು ತೊಟ್ಟಿಕ್ಕಿ, ನಾಲ್ಕೇ ದಿನಕ್ಕೆ ಗಂಟು. ಹರಡಿ ಪೂರ್ತಿ ಆರಿಸಬೇಕು. ಅಕ್ಕಿಗೆ ನುಸಿ ಬಿತ್ತು ಅಂತ ಸುಡುಬಿಸಿಲಿಗೆ ಹಾಕಿದರೆ ಕಾಳು ಸೀಳಿ ಅನ್ನ ಮುದ್ದೆಯಾಗುತ್ತದೆ. ಗಾಳಿಯಾಡುವ ನೆರಳಲ್ಲಿ ತೆಳ್ಳಗೆ ಹರಡಿದರೂ ನುಸಿ ತಾನಾಗಿ ಹೊರಡುತ್ತದೆ.

ತರಕಾರಿಯಲ್ಲಿ ಮುಖ್ಯವಾದದ್ದು ಕತ್ತರಿಸುವ ಸರದಿ. ದಂಟು, ಪಾಲಕ್, ಮೆಂತ್ಯ ಮೊದಲೆರಡು ದಿನ. ಆಮೇಲೆ ಬೆಂಡೆ, ಹೀರೆ, ಹುರುಳಿಕಾಯಿ. ವಾರದ ಕೊನೆಗೆ ಕ್ಯಾರೆಟ್, ಎಲೆಕೋಸು, ಸೀಮೆಬದನೆ. ಇಡೀ ಸಿಹಿಗುಂಬಳ, ಬೂದುಗುಂಬಳ, ಸುವರ್ಣಗಡ್ಡೆಗಳನ್ನು ಮುಟ್ಟಬೇಕಾದ್ದು ಬೇರೆಲ್ಲ ಮುಗಿದ ಮೇಲೆ. ಆದರೆ ಒಮ್ಮೆ ಕೊಯ್ದ ಕುಂಬಳ ಹೊರಗಿಟ್ಟರೆ ಮೂರು ದಿನವೂ ತಡೆಯುವುದಿಲ್ಲ. ಬೀಟ್ರೂಟ್, ಮೂಲಂಗಿಯ ಎಲೆಯನ್ನು ತಂದ ದಿನವೇ ಕೊಯ್ದಿಡಬೇಕು, ಇಲ್ಲದಿದ್ದರೆ ಎಲೆ ಗಡ್ಡೆಯ ನೀರು ಹೀರಿ ಮೆತ್ತಗೆ ಮಾಡುತ್ತದೆ. ಟೊಮೇಟೊ ಒಂದೇ ಹದದ್ದು ತಗೊಂಡರೆ ಎಲ್ಲವೂ ಒಂದೇ ದಿನ ಹಣ್ಣಾಗುತ್ತದೆ. ಮೂರನೇ ಒಂದು ಭಾಗ ಕೆಂಪು, ಒಂದು ಭಾಗ ದೋರೆ, ಒಂದು ಭಾಗ ಹಸಿರು ಆರಿಸಿಕೊಂಡು ತೊಟ್ಟು ಕೆಳಗೆ ಮಾಡಿ ಹೊರಗೇ ಇಡಬೇಕು. ಹಸಿಮೆಣಸಿನಕಾಯಿ ಕೊಳೆಯಲು ಶುರುವಾಗುವುದು ತೊಟ್ಟಿನಿಂದ, ಅದನ್ನು ಮುರಿದಿಟ್ಟರೆ ಎರಡು ವಾರ ಬರುತ್ತದೆ. ತೆಂಗಿನಕಾಯಿ ಜುಟ್ಟು ಕಿತ್ತರೆ ಕಣ್ಣಿನ ಕಡೆಯಿಂದ ಕೆಡುತ್ತದೆ. ಒಡೆದ ಮೇಲೂ ಅಷ್ಟೇ, ಕಣ್ಣಿರುವ ಹೋಳು ಮೊದಲು ತುರಿಯಬೇಕು.

ಹತ್ತು ಜನಕ್ಕೆ ಒಂದು ಬಾಟಲಿ

ಅದೇ ಮೇ ತಿಂಗಳ ಇನ್ನೊಂದು ಓಡಾಟ ಲಸಿಕೆಯದು. ಆರೋಗ್ಯ ಕೇಂದ್ರದ ಬಾಗಿಲಲ್ಲಿ ಏಳು ಜನ ಕೂತಿದ್ದಾರೆ, ಒಳಗೆ ಲಸಿಕೆ ಇದೆ, ಸಿಸ್ಟರ್ ಕೊಡುತ್ತಿಲ್ಲ. “ಇನ್ನು ಮೂರು ಜನ ಬರ್ಲಿ ಇರಿ.” ಹೊರಗೆ ಗೊಣಗಾಟ, ಯಾರಿಗೋ ತೆಗೆದಿಟ್ಟಿದ್ದಾರೆ ಅನ್ನುವ ಗುಮಾನಿ. ಕಾರಣ ಸರಳ. ಕೋವಿಶೀಲ್ಡ್ ಬಾಟಲಿಯೊಂದರಲ್ಲಿ 0.5 ಎಂಎಲ್‌ನ ಹತ್ತು ಡೋಸ್. ಒಮ್ಮೆ ಸೂಜಿ ಚುಚ್ಚಿದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕಿತ್ತು, ಉಳಿದದ್ದನ್ನು ಎಸೆಯಬೇಕಿತ್ತು. ಈ ಒಂದು ಸಾಲನ್ನು ಬರೆದು ಗೋಡೆಗೆ ಅಂಟಿಸಿದ ಕಡೆ ಜಗಳ ಕಡಿಮೆ ಇತ್ತು, ಗುಂಪಿನಲ್ಲಿದ್ದವರೇ ಫೋನ್ ಮಾಡಿ ಪಕ್ಕದ ಮನೆಯವರನ್ನು ಕರೆಸುತ್ತಿದ್ದರು. ಮೇ 13ರಂದು ಎರಡು ಡೋಸಿನ ನಡುವಿನ ಅಂತರವನ್ನು ಹೆಚ್ಚಿಸಿ 12–16 ವಾರ ಮಾಡಿದರು. ಅದು ಗೊತ್ತಿಲ್ಲದೆ ಆರು ವಾರದ ಲೆಕ್ಕ ಹಿಡಿದು ಆಟೊ ಮಾಡಿಕೊಂಡು ಬಂದ ಹಿರಿಯರು ಬಂದ ದಾರಿಯಲ್ಲೇ ವಾಪಸ್. ಅವರಿಗೆ ಹಿಂದಿನ ಸಂಜೆ ಒಂದು ಎಸ್ಸೆಮ್ಮೆಸ್ ಕಳಿಸಬಹುದಿತ್ತು. ಎಲ್ಲರ ಫೋನ್ ನಂಬರೂ ಲಸಿಕೆಗೆ ಹೆಸರು ನೋಂದಾಯಿಸುವ ಕೋವಿನ್‌ನಲ್ಲೇ ಇತ್ತು.

ನಿಂತ ಗಾಡಿ

ಮೇ 10ರಿಂದ ಸಾಮಾನಿಗೆ ನಡೆದೇ ಹೋಗಬೇಕು ಅನ್ನುವ ನಿಯಮ ಬಂದು, ಗಲಾಟೆಯಾದ ಮೇಲೆ ಹತ್ತಿರದ ಅಂಗಡಿಗಾದರೆ ಗಾಡಿ ತರಬಹುದು ಅಂತ ಸಡಿಲವಾಯಿತು. ಆಗ ಎಷ್ಟೋ ಮನೆಗಳ ಸ್ಕೂಟರ್ ಸ್ಟಾರ್ಟೇ ಆಗಲಿಲ್ಲ. ಬ್ಯಾಟರಿ ನಿಂತಲ್ಲೇ ಇಳಿಯುತ್ತದೆ. ಮನೆ ಮುಂದೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಸೆಲ್ಫ್ ಹೊಡೆಯಲು ಖರ್ಚಾದ ಚಾರ್ಜೂ ಮರಳಿ ತುಂಬುವುದಿಲ್ಲ. ವಾರಕ್ಕೊಮ್ಮೆ ಕಾಲು ಗಂಟೆಯಾದರೂ ಓಡಿಸಬೇಕು, ಅದಾಗದಿದ್ದರೆ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿಡಬೇಕು. ಕಿಕ್ಕರ್ ಇದ್ದವರು ಬಚಾವ್. ಕಾರಿನವರು ತಿಂಗಳುಗಟ್ಟಲೆ ಹ್ಯಾಂಡ್‌ಬ್ರೇಕ್ ಎಳೆದಿಟ್ಟು ಬ್ರೇಕ್ ಕಚ್ಚಿಕೊಂಡು ಪಜೀತಿಪಟ್ಟರು; ಸಮತಟ್ಟು ಜಾಗದಲ್ಲಿ ಫಸ್ಟ್ ಗೇರಿಗೆ ಹಾಕಿ, ಚಕ್ರಕ್ಕೊಂದು ಇಟ್ಟಿಗೆ ಕೊಟ್ಟರೆ ಹ್ಯಾಂಡ್‌ಬ್ರೇಕ್ ಬೇಕಿಲ್ಲ. ಬಾನೆಟ್ ಎತ್ತಿ ಇಲಿ ಕಡಿದ ವೈರ್ ಇದೆಯಾ ಅಂತ ನೋಡದೆ ಕೀ ತಿರುಗಿಸಬಾರದು. ನಡೆದು ಹೋದವರ ಲೆಕ್ಕ ಬೇರೆ: ಒಂದು ಕಿಲೋಮೀಟರ್ ದೂರಕ್ಕೆ ಕೈಗೆ ನಾಲ್ಕು ಕೆಜಿಯಂತೆ ಎರಡೂ ಕೈಗೆ ಸಮ ತೂಗಿದರೆ ಹಾಯಾಗಿ ಬರಬಹುದು, ಎಂಟು ಕೆಜಿ ಒಂದೇ ಚೀಲಕ್ಕೆ ತುಂಬಿದರೆ ಅರ್ಧ ದಾರಿಗೇ ಬೆರಳು ಕೆಂಪು. ಅಕ್ಕಿ ಮೂಟೆಯನ್ನಂತೂ ಅಂಗಡಿಯವರಿಗೇ ಕಳಿಸಿಕೊಡಿ ಅನ್ನುವುದು ಒಳ್ಳೆಯದು. ತರುವ ಹುಡುಗನಿಗೆ ಇಪ್ಪತ್ತು ರೂಪಾಯಿ ಚಿಲ್ಲರೆ ತೆಗೆದಿಟ್ಟುಕೊಂಡಿರಬೇಕು, ಯಾಕೆಂದರೆ ಆ ಹೊತ್ತಿನಲ್ಲಿ ಅವನ ಹತ್ತಿರ ಐನೂರಕ್ಕೆ ಚಿಲ್ಲರೆ ಇರುವುದಿಲ್ಲ.